ಬೆನ್ನು ಕೊಟ್ಟವನು

ಸೋಫಾ, ಕುರ್ಚಿ, ಕಾರಿನ ಸೀಟುಗಳಿಗೆ ಹೊಸ ಮೆತ್ತೆ ಕೂರಿಸುವುದು ಅವನ ಕಸುಬು. ಸ್ವಭಾವವೂ ಅದಕ್ಕೆ ತಕ್ಕ ಹಾಗೆ: ಒತ್ತಿದರೆ ತಗ್ಗುತ್ತಿದ್ದ, ಬಿಟ್ಟರೆ ಸದ್ದಿಲ್ಲದೆ ಮೊದಲಿನಂತಾಗುತ್ತಿದ್ದ. ಹಾಗಾಗಿ ಬೀದಿಯವರಿಗೆಲ್ಲ ಅವನು ಮೆತ್ತೆ, ಚಿಕ್ಕವರಿಗೆ ಮೆತ್ತೆಯಣ್ಣ. ಹೆಂಡತಿ ಮಾತ್ರ ‘ರೀ’ ಎನ್ನುತ್ತಿದ್ದಳು; ಕೋಪ ಬಂದರೆ ಅದನ್ನೇ ಸ್ವಲ್ಪ ಉದ್ದ ಎಳೆಯುತ್ತಿದ್ದಳು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಒಂದು ಗೋಡೆಗೆ ಬಟ್ಟೆಯ ಸುರುಳಿಗಳು, ಇನ್ನೊಂದಕ್ಕೆ ಸ್ಪಂಜಿನ ಹಾಳೆಗಳು, ನಡುವೆ ಹೊಲಿಗೆ ಯಂತ್ರ. ಅವಳು ಹೊಲಿಯುತ್ತಿದ್ದಳು, ಅವನು ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಒಂದೊಂದಾಗಿ ಬಡಿಯುತ್ತಿದ್ದ. “ಇವರ ಬಾಯಲ್ಲಿ ಯಾವಾಗಲೂ ಮೊಳೆ ಇರುತ್ತೆ, ಅದಕ್ಕೇ ನಮ್ಮಿಬ್ಬರಿಗೂ ಜಗಳ ಬಂದಿಲ್ಲ” ಎಂದು ಅವಳು ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಿದ್ದಳು.

ಒಂದು ದಿನ ಊರಾಚೆಯ ಸ್ಟುಡಿಯೋದಿಂದ ಕರೆ ಬಂತು. ಯಾವುದೋ ಸಿನಿಮಾಕ್ಕೆ ಹಲ್ಲಿನ ಡಾಕ್ಟರ ಕೋಣೆಯ ಸೆಟ್ಟು ಹಾಕಿದ್ದರು. ರೋಗಿಯನ್ನು ಮಲಗಿಸುವ ಕುರ್ಚಿಯ ಹೊದಿಕೆ ಹರಿದುಹೋಗಿತ್ತು. ಮೆತ್ತೆ ಸಾಮಾನು ಹೊತ್ತು ಹೋದ. ಮಂಡಿಯೂರಿ ಹೊಸ ಬಟ್ಟೆ ಎಳೆದು ಕಟ್ಟುತ್ತಿರುವಾಗ ಹಿಂದಿನಿಂದ ಯಾರೋ ಬಂದು, “ಸಾರ್, ನೀವ್ಯಾಕ್ ಸಾರ್ ಇದನ್ನೆಲ್ಲ ಮುಟ್ತೀರಿ? ಏಳಿ, ಕಾಫಿ ತಂದಿದೀನಿ” ಎಂದರು. ತಿರುಗಿದರೆ ಮೇಕಪ್ಪಿನವನು. ಮೆತ್ತೆಯ ಮುಖ ಕಂಡದ್ದೇ ಅವನ ಕೈಯ ಕಾಫಿ ನೆಲಕ್ಕೆ ಚೆಲ್ಲಿತು.

ಸ್ವಲ್ಪ ಹೊತ್ತಿಗೆ ನಿಜವಾದ ‘ಸಾರ್’ ಬಂದ. ತೆರೆಯ ಮೇಲೆ ಕಂಡರೆ ಸಾಕು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ನಟ. ಎದುರುಬದುರು ನಿಂತರೆ ಇಬ್ಬರಿಗೂ ಎಲ್ಲಿಂದೆಲ್ಲಿಯ ಹೋಲಿಕೆ? ನಟನದು ಗಿಣಿಮೂಗು, ಕ್ಷಣಕ್ಕೊಂದು ಬಣ್ಣ ತಾಳುವ ಮುಖ. ಮೆತ್ತೆಯದು ದುಂಡು ಮುಖ, ಹೇಳಿ ಮಾಡಿಸಿದ ಹಾಗೆ ಯಾರಿಗೂ ನೆನಪಿನಲ್ಲಿ ಉಳಿಯದಂಥದು. ಆದರೆ ಹಿಂದಿನಿಂದ ನೋಡಿದರೆ ಕತ್ತು, ಹೆಗಲು, ತುಸು ಎಡಕ್ಕೆ ವಾಲಿದ ತಲೆ, ನೆತ್ತಿಯ ಸುಳಿ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ನಟ ಅವನನ್ನು ನಿಲ್ಲಿಸಿ ಸುತ್ತ ನಡೆದ. ಹಿಂದೆ ಹೋದವನು ಬಹಳ ಹೊತ್ತಾದರೂ ಮುಂದೆ ಬರಲಿಲ್ಲ.

“ಯಾಕ್ ಸಾರ್, ಏನಾಯ್ತು?” ಎಂದ ಮೆತ್ತೆ.

“ಏನಿಲ್ಲಪ್ಪ. ಯಾರಿಗೂ ತನ್ನ ಬೆನ್ನು ತಾನು ನೋಡ್ಕೊಳ್ಳೋಕೆ ಆಗಲ್ಲ. ನಾನು ನೋಡ್ತಾ ಇದೀನಿ.” ನಟ ಒಂದು ಬೆರಳಿನಿಂದ ಅವನ ಕತ್ತು ಮುಟ್ಟಿದ. ಬೆರಳು ತಣ್ಣಗಿತ್ತು. “ಹಿಂದಿನಿಂದ ನಾನು ಇಷ್ಟೊಂದು ಒಂಟಿಯಾಗಿ ಕಾಣ್ತೀನಾ?”

ಅಷ್ಟರಲ್ಲಿ ನಿರ್ದೇಶಕ ಓಡಿಬಂದು, ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತು ಎಂದು ಕುಣಿದಾಡಿಬಿಟ್ಟ.

ಅದು ಅವಳಿ ಸೋದರರ ಕಥೆ. ಒಬ್ಬ ಹಲ್ಲಿನ ಡಾಕ್ಟರು, ಇನ್ನೊಬ್ಬ ಬೀಗ ರಿಪೇರಿಯವನು. ಹುಟ್ಟುತ್ತಲೇ ಅಗಲಿದವರು ಒಂದೇ ಕಟ್ಟಡದಲ್ಲಿ ಮೇಲೊಬ್ಬ, ಕೆಳಗೊಬ್ಬ ಅಂಗಡಿ ಇಟ್ಟುಕೊಂಡಿರುತ್ತಾರೆ. ಒಬ್ಬನ ಸುದ್ದಿ ಇನ್ನೊಬ್ಬನಿಗೆ ಗೊತ್ತಿಲ್ಲ. ಹಲ್ಲುನೋವಿನ ಹೆಂಗಸು ತಪ್ಪಿ ಬೀಗದವನ ಮುಂದೆ ಬಾಯಿ ತೆರೆದು ಕೂರುತ್ತಾಳೆ, ಅವನು ಇಕ್ಕಳ ಹಿಡಿದು “ಇದರ ಕೀಲಿ ಎಲ್ಲಿ ಕಳ್ಕೊಂಡ್ರಿ?” ಎನ್ನುತ್ತಾನೆ. ಡಾಕ್ಟರಿಗೆ ಮಗಳನ್ನು ಕೊಡಬೇಕೆಂದಿದ್ದ ಮಾವ ಬೀಗದವನ ಕೈಗೆ ಸಿಕ್ಕಿಬಿದ್ದು, ಬೀಗ ತೆಗೆಸಲು ಬಂದು ಬೀಗತನವನ್ನೇ ಮುರಿದುಕೊಂಡು ಹೋಗುತ್ತಾನೆ. ಎರಡೂ ಪಾತ್ರ ನಟನೊಬ್ಬನದೇ. ಆದ್ದರಿಂದ ಇಬ್ಬರೂ ಒಟ್ಟಿಗೆ ಕಾಣಬೇಕಾದ ಕಡೆ ನಟನ ಮುಖ ಕ್ಯಾಮೆರಾದ ಕಡೆಗೆ, ಮೆತ್ತೆಯ ಬೆನ್ನು ಕ್ಯಾಮೆರಾದ ಕಡೆಗೆ. ನಟ ಡಾಕ್ಟರಾದಾಗ ಮೆತ್ತೆ ಬೀಗದವನ ನೀಲಿ ಅಂಗಿ ತೊಡುತ್ತಿದ್ದ. ನಟ ನೀಲಿ ಅಂಗಿ ತೊಟ್ಟರೆ ಮೆತ್ತೆಗೆ ಡಾಕ್ಟರ ಬಿಳಿ ಕೋಟು.

ನಟ ತಾನೇ ಕಲಿಸಿದ. “ಮುಖದಿಂದ ನಗೋದು ಎಲ್ಲರಿಗೂ ಬರುತ್ತೆ. ನೀನು ಹೆಗಲಿಂದ ನಗಬೇಕು” ಎಂದು ತೋರಿಸಿಕೊಟ್ಟ. ಗೊತ್ತಿಲ್ಲ ಎನ್ನುವುದಕ್ಕೆ ಎರಡೂ ಹೆಗಲು ಮೆಲ್ಲಗೆ ಏರಿ, ಒಂದು ಮೊದಲು, ಇನ್ನೊಂದು ಆಮೇಲೆ ಇಳಿಯಬೇಕು. ಮೆತ್ತೆ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಅಭ್ಯಾಸ ಮಾಡಿದ. ಮೊದಮೊದಲು ಹೆಂಡತಿಗೆ ಅದು ಮೋಜೆನಿಸಿತು. ಆಮೇಲೊಂದು ದಿನ ಹೊಲಿಗೆ ಯಂತ್ರ ನಿಲ್ಲಿಸಿ, “ಸಾಕು ನಿಲ್ಸಿ. ಹಿಂದಿನಿಂದ ನೋಡಿದ್ರೆ ಯಾರೋ ಬಂದು ಕೂತ ಹಾಗಿರುತ್ತೆ” ಎಂದಳು.

ಶೂಟಿಂಗು ಹೆಚ್ಚುಕಮ್ಮಿ ಮುಗಿದಿತ್ತು. ಒಂದು ಬೆಳಗ್ಗೆ ಮೆತ್ತೆ ಎಲ್ಲರಿಗಿಂತ ಮೊದಲೇ ಬಂದು, ಬಿಳಿ ಕೋಟು ತೊಟ್ಟು, ಬಾಗಿಲಿಗೆ ಬೆನ್ನು ಹಾಕಿ ಸೆಟ್ಟಿನ ಕುರ್ಚಿಯಲ್ಲಿ ಕೂತಿದ್ದ. ಹೊರಗೆ ಅಂಗಳದಲ್ಲಿ ಜನ ಸೇರುತ್ತಿದ್ದರು, ಗುಸುಗುಸು ನಡೆದಿತ್ತು. ಇವನಿಗೆ ಯಾರೂ ಏನೂ ಹೇಳಿರಲಿಲ್ಲ. ಕೊನೆಗೆ ಎಲ್ಲರೂ ಒಟ್ಟಾಗಿ ಒಳಗೆ ಬಂದರು. ತಾಯಿಯ ಪಾತ್ರ ಮಾಡುತ್ತಿದ್ದ ಹೆಂಗಸು ಬಾಗಿಲಲ್ಲೇ ಕಿಟಾರನೆ ಕಿರುಚಿ ಕುಸಿದಳು. ಮೆತ್ತೆ ಗಾಬರಿಯಾಗಿ ಎದ್ದು ತಿರುಗಿದ.

ಅಷ್ಟೂ ಜನ ಅವನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಅವನಿಗೆ ಕಂಡದ್ದು ದುಃಖವಲ್ಲ, ಭಯವೂ ಅಲ್ಲ, ನಿರಾಸೆ. ಛೇ, ಇವನೇನಾ ಎಂಬಂಥ ನಿರಾಸೆ.

“ಸಾರ್ ಹೋಗ್ಬಿಟ್ರು ಮೆತ್ತೆ” ಎಂದ ಮೇಕಪ್ಪಿನವನು. “ಬೆಳಗ್ಗೆ ಕೋಣೆ ಬಾಗಿಲು ತೆಗೀಲೇ ಇಲ್ವಂತೆ. ಒಡೆದು ನೋಡಿದ್ರೆ ಮಲಗಿದ್ದ ಹಾಗೇ ಇದ್ರಂತೆ. ಹೃದಯ ನಿಂತುಹೋಗಿತ್ತಂತೆ.”

ಮೆತ್ತೆ ಕೋಟು ಬಿಚ್ಚಿ ಮಡಿಸಿಟ್ಟು ಮನೆಗೆ ಬಂದ. ಸಿನಿಮಾ ನಿಂತಿತು. ಅವನು ಮತ್ತೆ ಬಾಯಿಗೆ ಮೊಳೆ ಹಾಕಿಕೊಂಡು ಕೂತ. ಆದರೆ ಮೂರು ತಿಂಗಳಾದ ಮೇಲೆ ನಿರ್ದೇಶಕ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಮುಖ ಬಾಡಿತ್ತು, ಮಾತು ಮಾತ್ರ ಹಾಗೇ ಇತ್ತು.

“ಒಂದೇ ಒಂದು ಸೀನು ಬಾಕಿ, ಮೆತ್ತೆ. ಕೊನೇಲಿ ಅವಳಿಗಳಿಬ್ಬರೂ ಮೊದಲ ಸಲ ಎದುರಾಗೋದು. ಡಾಕ್ಟರ್ ಭಾಗ ಅವರು ಮಾಡಿಬಿಟ್ಟಿದಾರೆ. ನಿಂಗೆ ಜ್ವರ ಅಂತ ನೀನು ಬರಲಿಲ್ಲ ನೋಡು, ಆವತ್ತು. ನಿನ್ನ ಜಾಗದಲ್ಲಿ ಒಂದು ಕಂಬ ನೆಟ್ಟು, ತಲೆ ಅಂತ ಚೆಂಡು ಸಿಗಿಸಿದ್ವಿ. ಕಂಬದ ಜೊತೆ ಮಾತಾಡಿದಾರೆ ಪುಣ್ಯಾತ್ಮ. ಈಗ ಆ ಕಂಬದ ಜಾಗದಲ್ಲಿ ನೀನು ನಿಂತ್ಕೋಬೇಕು, ಅಷ್ಟೆ.”

ಹೆಂಡತಿ ಕತ್ತರಿ ಕೆಳಗಿಟ್ಟಳು. “ಸತ್ತವರ ಎದುರು ನಿಂತು ನಟನೆ ಮಾಡ್ಬೇಕಾ ಇವರು?”

“ನಟನೆ ಅವರದಮ್ಮ. ಇವನು ಸುಮ್ನೆ ಬೆನ್ನು ಕೊಟ್ಕೊಂಡು ನಿಂತಿರ್ತಾನೆ.”

ಇಲ್ಲ ಎನ್ನಲು ಮೆತ್ತೆಗೆ ಬಾಯಿ ಬರಲಿಲ್ಲ. ಕಲಿಸಿಕೊಟ್ಟವನ ಋಣ ಎಂದುಕೊಂಡ.

ಸ್ಟುಡಿಯೋದಲ್ಲಿ ಈ ಸಲ ಕುರ್ಚಿಯಿಲ್ಲ, ಗೋಡೆಯಿಲ್ಲ. ಮೂರೂ ಕಡೆ ಹಸಿರು ಬಟ್ಟೆ ಇಳಿಬಿಟ್ಟಿದ್ದರು. ಮಧ್ಯದಲ್ಲಿ ನೀಲಿ ಅಂಗಿ ತೊಟ್ಟ ಮೆತ್ತೆ. ಅವನ ಮುಖದ ಎತ್ತರಕ್ಕೆ ಸರಿಯಾಗಿ, ಕೈಗೆಟುಕದಷ್ಟು ದೂರದಲ್ಲಿ, ಸ್ಟ್ಯಾಂಡಿನ ಮೇಲೆ ಒಂದು ಟಿ.ವಿ. ಅದರಲ್ಲಿ ಸತ್ತವನ ದೃಶ್ಯ ಓಡುತ್ತದೆ. ಅದಕ್ಕೆ ತಾಳ ಹಾಕಿದಂತೆ ಮೆತ್ತೆಯ ಹೆಗಲು ಆಡಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸುತ್ತಾರಂತೆ.

ಟಿ.ವಿ. ಬೆಳಗಿತು. ಬಿಳಿ ಕೋಟಿನ ನಟ ಬಾಗಿಲು ತೆರೆದು ಬಂದು, ಥಟ್ಟನೆ ನಿಂತು, ನೇರ ಮೆತ್ತೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

“ನೀನ್ಯಾರೋ?”

ಮೆತ್ತೆಯ ಹೆಗಲು ಏರಿ ಇಳಿದವು. ನಟ ಅಷ್ಟೂ ಹೊತ್ತು ಕಾದು, ಇಳಿದ ಮೇಲೆಯೇ ಹುಬ್ಬು ಕುಣಿಸಿ, “ನನ್ನ ಮುಖಾನ ಯಾವ ಅಂಗಡೀಲಿ ತಗೊಂಡೆ?” ಎಂದ. ಕತ್ತಲಲ್ಲಿ ನಿಂತಿದ್ದ ಯಾರೋ ತಡೆಯಲಾರದೆ ಕಿಸಕ್ಕನೆ ನಕ್ಕು, ಬಾಯಿ ಮುಚ್ಚಿಕೊಂಡರು. ಕಂಬವನ್ನು ನೋಡಿ ಆಡಿದ ಮಾತು ಎಂದು ಮೆತ್ತೆ ತನಗೆ ತಾನೇ ಹೇಳಿಕೊಂಡ. ಕಂಬಕ್ಕೆ ಹೆಗಲೆಲ್ಲಿತ್ತು? ಹಾಗಾದರೆ ಅವನು ಯಾವುದಕ್ಕೆ ಕಾದ?

ದೃಶ್ಯದ ಕೊನೆಗೆ ನಟ ಮುಂದೆ ಬಂದು, ಬಲಗೈ ಚಾಚಿ, ತಮ್ಮನ ಎಡಹೆಗಲ ಮೇಲಿಡುತ್ತಾನೆ. ಟಿ.ವಿ.ಯಲ್ಲಿ ಆ ಕೈ ಅಂಚಿನ ತನಕ ಬಂದು ಮರೆಯಾಯಿತು. ಅದೇ ಹೊತ್ತಿಗೆ ಮೆತ್ತೆಯ ಎಡಹೆಗಲು ತೂಕಕ್ಕೆ ತಗ್ಗಿತು. ದಣಿದ ಮನುಷ್ಯ ಆಸರೆಗೆ ಕೈಯಿಟ್ಟಾಗ ಇರುವಂಥ ತೂಕ. ಸರಿಯಾದ ಜಾಗಕ್ಕೆ ಸರಿಸಲು ನಿರ್ದೇಶಕನೇ ಬಂದಿರಬೇಕೆಂದು ಮೆತ್ತೆ ಅಲುಗಾಡದೆ ನಿಂತ. “ಓಕೆ!” ಎಂಬ ಕೂಗು ಬಹಳ ದೂರದಿಂದ, ಕ್ಯಾಮೆರಾದ ಆಚೆಯಿಂದ ಬಂತು. ಸುತ್ತ ಹಸಿರು ಬಟ್ಟೆ ಬಿಟ್ಟರೆ ಹತ್ತಿರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅವನು ತಿರುಗಲು ಹೊರಟಾಗ ಒಂದು ಮುದಿ ದನಿ ಕೇಳಿತು. “ತಿರುಗಬೇಡಪ್ಪ. ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಇರು.”

ನಟನ ತಾಯಿ. ಆಕೆ ಯಾವಾಗ ಬಂದು ಮಗನ ಕುರ್ಚಿಯಲ್ಲಿ ಕೂತಿದ್ದಳೋ ಯಾರೂ ಗಮನಿಸಿರಲಿಲ್ಲ. ಮಗ ಹೋದಾಗಿನಿಂದ ಆಕೆ ಒಂದು ಹನಿ ಕಣ್ಣೀರು ಹಾಕಿಲ್ಲ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಮೆತ್ತೆ ಹಾಗೇ ನಿಂತ. ಲೈಟು ಒಂದೊಂದಾಗಿ ಆರಿದವು. ಹೊರಡುವಾಗ ಆಕೆ ಅವನ ಬೆನ್ನಿಗೇ ಹೇಳಿದಳು: “ಭಾನುವಾರ ಮನೆಗೆ ಬಾರಪ್ಪ. ನನಗೋಸ್ಕರ.”

ಭಾನುವಾರಕ್ಕೆ ಮೊದಲೇ, ಸಿನಿಮಾ ಜೋಡಿಸುವ ಸಂಕಲನಕಾರ ಮೆತ್ತೆಯನ್ನು ಕರೆಸಿದ. ಚಿಕ್ಕ ಕೋಣೆ, ಮೂಲೆಯಲ್ಲಿ ನಿರ್ದೇಶಕ, ಪರದೆಯ ಮೇಲೆ ಮೆತ್ತೆಯೊಬ್ಬನೇ, ಸುತ್ತ ಹಸಿರು. “ಇಲ್ಲಿ ನಿಮ್ಮ ಹೆಗಲು ಯಾರು ಒತ್ತಿದ್ದು?” ಎಂದು ಕೇಳಿ ಚಿತ್ರವನ್ನು ನಿಲ್ಲಿಸಿದ.

ಎಡಹೆಗಲ ನೀಲಿ ಬಟ್ಟೆಯ ಮೇಲೆ ಸಾಲಾಗಿ ನಾಲ್ಕು ಕುಳಿ. ಸಂಕಲನಕಾರ ಮೆಲ್ಲಗೆ ಮುಂದೆ ಓಡಿಸಿದ. ಕುಳಿಗಳು ಒಟ್ಟಿಗೆ ಮಾಯವಾಗಲಿಲ್ಲ. ಕಿರುಬೆರಳಿನದು ಮೊದಲು, ಆಮೇಲೆ ಪಕ್ಕದ್ದು, ಹೀಗೆ ಒಂದೊಂದಾಗಿ ಮೇಲೆದ್ದವು. ಒಳಗಿನಿಂದ ಜಗ್ಗಿದ ಬಟ್ಟೆ ಹೇಗೆ ನೆರಿಗೆ ಬೀಳುತ್ತದೆ, ಮೇಲಿನಿಂದ ಒತ್ತಿದ ಬಟ್ಟೆ ಹೇಗೆ ತಗ್ಗುತ್ತದೆ ಎಂಬುದನ್ನು ನೋಡುತ್ತಲೇ ಮೆತ್ತೆಯ ಅರ್ಧ ಆಯಸ್ಸು ಕಳೆದಿತ್ತು. ಇದು ಮೇಲಿನಿಂದ ಒತ್ತಿದ ಬಟ್ಟೆಯೇ.

“ಗಾಳಿಗೆ ಹಾಗಾಗಿರಬಹುದು” ಎಂದ ಸಂಕಲನಕಾರ, ತನಗೇ ಸಮಾಧಾನ ಹೇಳುವವನಂತೆ.

“ಗಾಳಿಯೋ ಗೀಳಿಯೋ” ಎಂದ ನಿರ್ದೇಶಕ. “ನಮಗೆ ಕಂಪ್ಯೂಟರ್ ಕೆಲಸ ಅಷ್ಟು ಕಮ್ಮಿಯಾಯ್ತು ಬಿಡು.”

ನಟನ ತಾಯಿಯ ಮನೆ ಮೂರನೆಯ ಮಹಡಿಯಲ್ಲಿತ್ತು. ಕಿಟಕಿಯ ಮುಂದೆ ಒಂದು ಮೊಡ್ಡ, ಅಂದರೆ ಒರಗುಬೆನ್ನಿಲ್ಲದ ಬೆತ್ತದ ಪೀಠ, ಇಟ್ಟಿರುತ್ತಿದ್ದಳು. ಮೆತ್ತೆ ಬಾಗಿಲಿನಿಂದ ತಲೆ ತಗ್ಗಿಸಿಕೊಂಡು ಹೋಗಿ ಕಿಟಕಿಗೆ ಮುಖ ಮಾಡಿ ಅದರ ಮೇಲೆ ಕೂರಬೇಕು. ಮಾತಾಡುವಂತಿಲ್ಲ, ತಿರುಗುವಂತಿಲ್ಲ. ಎದುರಿಗೆ ಪಕ್ಕದ ಕಟ್ಟಡದ ಬೋಳು ಗೋಡೆ, ಅದರ ಮೇಲೊಂದು ನೀರಿನ ಪೈಪು. ಹಿಂದಿನಿಂದ ಆಕೆಯ ಮಾತು ಬರುತ್ತಿತ್ತು. ಕೆಳಮನೆಯವಳ ಚಾಡಿ, ಮಂಡಿನೋವು, ಮಗ ಚಿಕ್ಕವನಿದ್ದಾಗ ಕನ್ನಡಿಯ ಮುಂದೆ ನಿಂತು ತನ್ನ ಜೊತೆ ತಾನೇ ಜಗಳ ಕಾಯುತ್ತಿದ್ದದ್ದು. ಒಮ್ಮೊಮ್ಮೆ ಬೈಗುಳ: “ತಲೆ ಒರೆಸ್ಕೊಂಡಿಲ್ಲ ನೀನು, ಶೀತ ಆಗುತ್ತೆ.” ಮೆತ್ತೆಯ ತಲೆ ಒಣಗಿಯೇ ಇರುತ್ತಿತ್ತು.

ಮೊದಲ ಭಾನುವಾರ ಅಯ್ಯೋ ಪಾಪ ಎಂದು ಹೋದ. ಎರಡನೆಯದಕ್ಕೆ ಬೇಡವೆನ್ನಲಾರದೆ ಹೋದ. ಆಮೇಲೆ ಹೋಗದಿದ್ದರೆ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಹೆಂಡತಿ ಎಲ್ಲ ನೋಡುತ್ತಿದ್ದಳು. ಗಂಡ ಈಗ ಬಾಯಲ್ಲಿ ಮೊಳೆ ಕಚ್ಚುತ್ತಿರಲಿಲ್ಲ, ತಟ್ಟೆಯಲ್ಲಿಟ್ಟು ಎತ್ತಿಕೊಳ್ಳುತ್ತಿದ್ದ. ಬೀದಿಯವರು “ಮೆತ್ತೇ” ಎಂದು ಕೂಗಿದರೆ ಬೇರೆ ಯಾರನ್ನೋ ಕರೆದ ಹಾಗೆ ಸುಮ್ಮನಿರುತ್ತಿದ್ದ. ಒಂದು ಮಧ್ಯಾಹ್ನ ಅವಳು ಒಳಗಿನಿಂದ ಬಂದಾಗ ಅವನು ಗೋಡೆಯ ಕನ್ನಡಿಗೆ ಬೆನ್ನು ಮಾಡಿ, ಕೈಯಲ್ಲಿ ಇನ್ನೊಂದು ಸಣ್ಣ ಕನ್ನಡಿ ಹಿಡಿದು, ತನ್ನ ಕತ್ತನ್ನು ನೋಡುತ್ತ ನಿಂತಿದ್ದ.

“ಏನ್ರೀ ಹುಡುಕ್ತಾ ಇದೀರಿ?”

“ಏನಿಲ್ಲ” ಎಂದ. ಹೆಗಲು ಮಾತ್ರ ಮೆಲ್ಲಗೆ ಕುಲುಕಿದವು, ನಕ್ಕ ಹಾಗೆ.

ಅದಾದ ಮೇಲಿನ ಭಾನುವಾರ ಅವನು ಮನೆಗೆ ಬಂದದ್ದು ಬೆವರಿಳಿಸಿಕೊಂಡು. ನೀರು ಕುಡಿದು, ಗೋಡೆಗೊರಗಿ, ಬೆನ್ನನ್ನು ಗೋಡೆಗೆ ಒತ್ತಿ ಹಿಡಿದುಕೊಂಡೇ ಹೇಳಿದ. “ಆಯಮ್ಮ ಇವತ್ತು ಒಂದು ಪ್ರಶ್ನೆ ಕೇಳಿದ್ರು ಕಣೆ. ‘ಆವತ್ತು ಯಾಕೆ ಬಾಗಿಲು ಚಿಲಕ ಹಾಕ್ಕೊಂಡಿದ್ದೆ? ನಾನು ಎಷ್ಟು ಕರೆದೆ’ ಅಂತ. ನಾನು ಕಲ್ಲಿನ ಹಾಗೆ ಕೂತಿದ್ದೆ. ಹೆಗಲು ತಾವಾಗೇ ಮೇಲೆ ಹೋದ್ವು. ಒಂದು ಮೊದಲು ಇಳೀತು, ಇನ್ನೊಂದು ಆಮೇಲೆ. ನಾನು ಮಾಡಿಲ್ಲ ಕಣೆ ಅದು. ಆಯಮ್ಮ ‘ಹಾಗಾ? ಸರಿ ಬಿಡು ಹಾಗಾದ್ರೆ’ ಅಂದು ನಕ್ಕರು. ಉತ್ತರ ಸಿಕ್ಕಿದವರ ಹಾಗೆ ನಕ್ಕರು.”

ಮುಂದಿನ ಭಾನುವಾರ ಹೆಂಡತಿ ಚಪ್ಪಲಿ ಮೆಟ್ಟಿ ಅವನಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ಮುದುಕಿ ಅವಳನ್ನು ಬೇಡವೆನ್ನಲಿಲ್ಲ; ಪಕ್ಕದ ಕುರ್ಚಿ ತೋರಿಸಿದಳು. ಮೆತ್ತೆ ಹೋಗಿ ಮೊಡ್ಡದ ಮೇಲೆ ಕೂತ. ಕಿಟಕಿಯ ಬೆಳಕಿಗೆ ಅವನ ಬೆನ್ನು ಕಪ್ಪಗೆ, ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿತ್ತು. ಮುದುಕಿ ಮಾತು ಶುರುಮಾಡಿದಳು. ಹೆಂಡತಿ ಆ ಬೆನ್ನನ್ನೇ ನೋಡುತ್ತಿದ್ದಳು. ಮದುವೆಯಾದಾಗಿನಿಂದ ತಿಕ್ಕಿ ತೊಳೆದ, ಬೆವರುಗುಳ್ಳೆಗೆ ಪುಡಿ ಹಚ್ಚಿದ ಬೆನ್ನು ಅದು. ಎಷ್ಟು ನೋಡಿದರೂ ಅದರಲ್ಲಿ ಅವಳ ಗಂಡ ಸಿಗಲಿಲ್ಲ. ಮುದುಕಿ ಏನೋ ಹಳೆಯ ತಮಾಷೆ ಹೇಳಿದಾಗ ಆ ಹೆಗಲುಗಳು ಕುಲುಕಿದವು. ಮುದುಕಿ ಅವಳ ಕಡೆ ವಾಲಿ, ಗುಟ್ಟು ಹೇಳುವವಳಂತೆ ಪಿಸುಗುಟ್ಟಿದಳು: “ನೋಡಿದ್ಯಾ? ನನ್ನ ಮಾತಿಗೆ ನಗ್ತಾನೆ.”

“ರೀ” ಎಂದಳು ಹೆಂಡತಿ.

ಬೆನ್ನು ಅಲುಗಲಿಲ್ಲ.

“ರೀ!”

ಇಲ್ಲ. ಎದ್ದು ಹೋಗಿ ಅವನನ್ನು ತಿರುಗಿಸಬೇಕು. ತಿರುಗಿಸಿದಾಗ ಆ ಗಿಣಿಮೂಗಿನ ಮುಖವೇ ಇದ್ದರೆ ಏನು ಮಾಡಲಿ ಎಂಬ ಒಂದೇ ಯೋಚನೆ. ಆದರೂ ಎದ್ದಳು. ಹೋದವಳೇ ಅವನ ಎರಡೂ ತೋಳು ಹಿಡಿದು, ಗಿರಾಕಿಯ ಸೋಫಾವನ್ನು ಬೆಳಕಿಗೆ ತಿರುಗಿಸುವ ಹಾಗೆ, ಮೊಡ್ಡದ ಸಮೇತ ಬಲವಾಗಿ ತಿರುಗಿಸಿಬಿಟ್ಟಳು.

ಮೆತ್ತೆಯ ದುಂಡು ಮುಖವೇ. ಕಣ್ಣು ಮುಚ್ಚಿತ್ತು, ಕೆನ್ನೆಯೆಲ್ಲ ಒದ್ದೆ. ನಿದ್ದೆಯಿಂದ ಎಬ್ಬಿಸಿದವನಂತೆ ಕಣ್ಣು ಬಿಟ್ಟು, “ಕರೆದ್ಯಾ? ನಂಗೆ ಕೇಳಿಸ್ಲೇ ಇಲ್ಲ” ಎಂದ.

ಮುದುಕಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಹೆಂಡತಿ ಆಕೆಯ ಮುಂದೆ ಕುಕ್ಕರಿಸಿದಳು. ಬೈಯಬೇಕೆಂದೇ ಮನೆಯಿಂದ ಹೊರಟಿದ್ದಳು. ಬಾಯಿಂದ ಬಂದದ್ದು ಬೇರೆ.

“ಅಮ್ಮಾ, ಇವರ ಮುಖಾನೂ ಒಂದ್ಸಲ ನೋಡಿ. ಇದೂ ಒಬ್ಬ ತಾಯಿ ಹೆತ್ತ ಮುಖಾನೇ.”

ಆಕೆ ಬೆರಳು ಸರಿಸಲು ಬಹಳ ಹೊತ್ತು ಹಿಡಿಯಿತು. ಸರಿಸಿದ ಮೇಲೆ ಕಣ್ಣು ಕಿರಿದು ಮಾಡಿ ಮೆತ್ತೆಯನ್ನು ಅಪರಿಚಿತ ಬೀದಿಯನ್ನು ನೋಡುವ ಹಾಗೆ ನೋಡಿದಳು.

“ನಿಮ್ಮಮ್ಮ ಇದಾರೇನಪ್ಪ?”

“ಇಲ್ಲಮ್ಮ. ಹೋಗಿ ಬಹಳ ವರ್ಷ ಆಯ್ತು.”

“ನೀನು ಏನು ಕೆಲಸ ಮಾಡ್ತೀಯ?”

“ಕುರ್ಚಿ, ಸೋಫಾ ಸರಿಮಾಡ್ತೀನಮ್ಮ.”

“ನನ್ನ ಮಗನಿಗೆ ಒಂದು ಮೊಳೆ ಹೊಡೆಯೋಕೂ ಬರ್ತಿರ್ಲಿಲ್ಲ” ಎಂದಳು ಆಕೆ. “ಬರ್ತಿರ್ಲಿಲ್ಲ” ಎಂದು ಇನ್ನೊಂದು ಸಲ ಅಂದಳು, ಆಮೇಲೆ ಅಳು ಒಡೆದು ಬಂತು. ಮೂರು ಮಹಡಿಗೂ ಕೇಳುವ ಹಾಗೆ ಅತ್ತಳು. ಹೆಂಡತಿ ಆಕೆಯ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೂತಳು. ಮೆತ್ತೆ ಎದ್ದು, ಏನು ಮಾಡಬೇಕೋ ತಿಳಿಯದೆ, ಕಿಟಕಿ ಮುಚ್ಚಿದ.

ಸಿನಿಮಾ ಬಿಡುಗಡೆಯಾಯಿತು, ಚೆನ್ನಾಗಿ ಓಡಿತು. ಗಂಡ ಹೆಂಡತಿ ಒಮ್ಮೆ ಹೋಗಿ ನೋಡಿಬಂದರು. ಇಕ್ಕಳದ ದೃಶ್ಯಕ್ಕೆ ಜನ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಕೊನೆಯಲ್ಲಿ ಅಣ್ಣ ತಮ್ಮನ ಹೆಗಲ ಮೇಲೆ ಕೈಯಿಟ್ಟಾಗ ಇಡೀ ಚಿತ್ರಮಂದಿರ ಚಪ್ಪಾಳೆ ತಟ್ಟಿತು. ಮೆತ್ತೆ ಮಾತ್ರ ತೆರೆಯ ಕಡೆ ನೋಡದೆ, ಮುಂದಿನ ಸೀಟಿನ ಹರಿದ ಅಂಚನ್ನು ಬೆರಳಿನಿಂದ ಒಳಗೆ ತುರುಕುತ್ತ ಕೂತಿದ್ದ. ನಿರ್ದೇಶಕ ಇನ್ನೊಂದು ಸಿನಿಮಾಕ್ಕೆ ಕರೆದಾಗ ಅವನು ಒಲ್ಲೆ ಎಂದ. ಒತ್ತಿದರೂ ಈ ಸಲ ತಗ್ಗಲಿಲ್ಲ.

ಮುದುಕಿಯ ಮನೆಗೆ ಈಗಲೂ ಹೋಗುತ್ತಾರೆ, ಇಬ್ಬರೂ. ಎದುರುಬದುರು ಕೂತು ಇಸ್ಪೀಟು ಆಡುತ್ತಾರೆ. ಮುದುಕಿ ಹಾಡಹಗಲೇ ಎಲೆ ಕದಿಯುತ್ತಾಳೆ, ಸಿಕ್ಕಿಬಿದ್ದರೆ ಕಿವುಡಿಯಾಗುತ್ತಾಳೆ. ಮೆತ್ತೆಯ ಮುಖ ಆಕೆಗೆ ಚೆನ್ನಾಗಿ ರೂಢಿಯಾಗಿದೆ. “ದುಂಡಪ್ಪಾ, ಎಲೆ ಹಾಕು” ಎಂದು ಗದರುತ್ತಾಳೆ.

ಹೊರಡುವ ಹೊತ್ತಿಗೆ ಮಾತ್ರ ಕೋಣೆ ಸ್ವಲ್ಪ ತಣ್ಣಗಾಗುತ್ತದೆ. ಬೆನ್ನು ತೋರಿಸು ಎಂದು ಆಕೆ ಬಾಯಿಬಿಟ್ಟು ಕೇಳುವುದಿಲ್ಲ, ಸೆರಗಿನ ತುದಿ ಹಿಂಡುತ್ತ ನೆಲ ನೋಡುತ್ತಾಳೆ. ಮೆತ್ತೆ “ಬರ್ತೀನಮ್ಮ” ಎಂದು ಎದ್ದು, ಆಕೆಗೆ ಮುಖ ಕೊಟ್ಟುಕೊಂಡೇ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಾಗಿಲ ತನಕ ಹೋಗುತ್ತಾನೆ. ಹೊಸ್ತಿಲು ಎಡವದಂತೆ ಹೆಂಡತಿ ಅವನ ಮೊಣಕೈ ಹಿಡಿದಿರುತ್ತಾಳೆ. ಬಾಗಿಲು ಪೂರ್ತಿ ಮುಚ್ಚಿ, ಒಳಗೆ ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಅವನು ತಿರುಗಿ ಮೆಟ್ಟಿಲಿಳಿಯುತ್ತಾನೆ.